ಮೊದಲು ತಟ್ಟಿ ನೋಡ್ತಾರೆ, ಸಾರ್

ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಶಾಲೆಯಿಂದ ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ಆಲೂಗಡ್ಡೆ ಚೀಲಗಳು. ಹಾಸನದ ಎಪಿಎಂಸಿ ಯಾರ್ಡಿನಿಂದ ಕೇಳಿ ತಂದ 40 ಖಾಲಿ ಚೀಲ. ಒಳಗೆ ಒಣಹುಲ್ಲು ತುರುಕಿ, ಮೇಲೆ ಬೂದು ಬಣ್ಣ ಬಳಿದು, ಸ್ಟೇಜಿನ ಮೇಲೆ ಒಟ್ಟಿದರೆ ಅವೇ ಬೇಲೂರಿನ ಕಲ್ಲುಗಳು. ಆ ಎರಡು ತಿಂಗಳು ನಮ್ಮ ಬಟ್ಟೆಗೆಲ್ಲ ಹೊಲದ ಮಣ್ಣಿನ ವಾಸನೆ.

ನಾನು ಇದೇ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವನು. ಓದುವಾಗ ಎರಡು ನಾಟಕದಲ್ಲಿ ಭರ್ಜಿ ಹಿಡಿದು ನಿಂತಿದ್ದೆ. ಮಾತಿರಲಿಲ್ಲ. ಆದರೂ ಆ ದೀಪದ ಬೆಳಕು ನನ್ನನ್ನು ಬಿಡಲಿಲ್ಲ. ಡಿಗ್ರಿ ಆದಮೇಲೆ ಹೆಗ್ಗೋಡಿಗೆ ಹೋಗಿ, ನೀನಾಸಂನಲ್ಲಿ ನಾಟಕ ಕಲಿತು ಊರಿಗೆ ಬಂದೆ. ಬಂದ ತಿಂಗಳಿಗೇ ನಮ್ಮ ಕನ್ನಡ ಮೇಡಂ ಕರೆದರು. "ವಾರ್ಷಿಕೋತ್ಸವಕ್ಕೆ ಜಕಣಾಚಾರಿ ಕತೆ ಬರೆದಿಟ್ಟಿದ್ದೀನಿ. ನೀನೇ ಬಂದು ಆಡಿಸಬೇಕು" ಅಂದರು. 35 ನಿಮಿಷದ ನಾಟಕ, 26 ಮಕ್ಕಳು.

ಕತೆ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಮಗ ಹುಟ್ಟುವ ಮೊದಲೇ ಮನೆ ಬಿಟ್ಟು ಬಂದ ಶಿಲ್ಪಿ ಜಕಣಾಚಾರಿ. ಅಪ್ಪನನ್ನು ಹುಡುಕಿಕೊಂಡು ಬೇಲೂರಿಗೆ ಬರುವ ಮಗ ಡಂಕಣ. ಯಾರೆಂದು ಗೊತ್ತಿಲ್ಲದೆ, ಅಪ್ಪ ಕಡೆದ ಮೂರ್ತಿಯನ್ನು ನೋಡಿ ಈ ಕಲ್ಲಿನಲ್ಲಿ ದೋಷ ಇದೆ ಎನ್ನುತ್ತಾನೆ. ದೋಷ ತೋರಿಸಿದರೆ ನನ್ನ ಬಲಗೈ ಕಡಿದುಕೊಳ್ಳುತ್ತೇನೆ ಎಂದು ಅಪ್ಪನ ಪಂತ. ಮೂರ್ತಿಗೆಲ್ಲ ಗಂಧ ಬಳಿದರೆ ಎಲ್ಲ ಕಡೆ ಒಣಗಿ, ಹೊಕ್ಕಳ ಹತ್ತಿರ ಮಾತ್ರ ಹಸಿ ಉಳಿಯುತ್ತದೆ. ಅಲ್ಲಿ ಒಡೆದಾಗ ನೀರು, ಮರಳು, ಒಂದು ಕಪ್ಪೆ.

ದಸರಾ ರಜೆ ಮುಗಿದ ಮೇಲೆ ರಿಹರ್ಸಲ್ ಶುರುವಾಯಿತು. ಸಂಜೆ ನಾಲ್ಕೂವರೆಯಿಂದ. ಆದರೆ ಐದೂಮುಕ್ಕಾಲಿಗೆ ಶಾಂತಿಗ್ರಾಮದ ಕಡೆಯ ಮಕ್ಕಳು ಬಸ್ಸಿಗೆ ಓಡಬೇಕು. ರಾಜ, ಮಂತ್ರಿ ಇಬ್ಬರೂ ಅದೇ ಬಸ್ಸಿನವರು. ಹಾಗಾಗಿ ಆಸ್ಥಾನದ ದೃಶ್ಯವನ್ನು ದಿನಾ ಮೊದಲು ಮಾಡಿ, ಅವರನ್ನು ಕಳಿಸಿ, ಆಮೇಲೆ ನಾಟಕದ ಆರಂಭಕ್ಕೆ ಬರುತ್ತಿದ್ದೆವು. ಇದರ ಮಧ್ಯೆ ಹಾಸನಾಂಬೆಯ ಬಾಗಿಲು ತೆರೆಯಿತು. ವರ್ಷಕ್ಕೆ ಒಂದೇ ಸಲ ತೆರೆಯುವ ಗುಡಿ. ಬಲಿಪಾಡ್ಯಮಿ ಕಳೆದು ಬಾಗಿಲು ಹಾಕುವವರೆಗೆ ಮನೆಮನೆಯಲ್ಲೂ ನೆಂಟರು. ಆ ದಿನಗಳಲ್ಲಿ ಒಂದು ಸಂಜೆಯೂ ಪೂರ್ತಿ ತಂಡ ಸಿಗಲಿಲ್ಲ. ಇದ್ದವರನ್ನೇ ಕೂರಿಸಿಕೊಂಡು ಓದಿಸಿದೆ.

ಓದಿಸುವಾಗ ಒಂದು ತೊಂದರೆ ಗೊತ್ತಾಯಿತು. ಮನೆಯಲ್ಲಿ "ಎಲ್ಲಿಗ್ಲಾ ಒಂಟೆ?" ಎನ್ನುವ ಹುಡುಗ ಸ್ಟೇಜ್ ಹತ್ತಿ "ತಾವು ಎಲ್ಲಿಗೆ ತೆರಳುತ್ತಿರುವಿರಿ?" ಎನ್ನಬೇಕು. ಬಾಯಿ ಒಂದು ಕಡೆ, ಮೈ ಇನ್ನೊಂದು ಕಡೆ. ಶಿಲ್ಪಿ ಎನ್ನುವುದು ಸಿಲ್ಪಿ ಆಗುತ್ತಿತ್ತು. ತಿದ್ದಿದ ಕೂಡಲೇ ಹುಡುಗನ ಕೈಕಾಲು ಮರದ ಹಾಗೆ ಸೆಟೆದುಕೊಳ್ಳುತ್ತಿತ್ತು. ಒಂದು ವಾರ ತಿದ್ದಿ ನೋಡಿ, ಮೇಡಂ ಹತ್ತಿರ ಹೋದೆ. ಅವರು ಪೆನ್ನು ತೆಗೆದು, ಕಲ್ಲು ಹೊರುವವರ, ಅಡುಗೆಯವರ ಮಾತನ್ನೆಲ್ಲ ಹಾಸನದ ಆಡುಮಾತಿಗೆ ಬದಲಾಯಿಸಿದರು. ರಾಜನ ಮಾತು ಮಾತ್ರ ಗ್ರಂಥದ್ದೇ ಇರಲಿ ಅಂದರು. ಮರುದಿನವೇ ಮಕ್ಕಳ ಹೆಗಲು ಸಡಿಲವಾಯಿತು. ಬರೆದ ಮಾತಿನ ಮೇಲೆ ಅಷ್ಟು ಪ್ರೀತಿ ಇದ್ದೂ ಅದನ್ನು ಮಕ್ಕಳಿಗಾಗಿ ಬಿಟ್ಟುಕೊಟ್ಟ ಮೇಡಂ ಬಗ್ಗೆ ನನಗೆ ಇವತ್ತಿಗೂ ತುಂಬ ಗೌರವ.

ಮೂರ್ತಿಯಾಗಿ ಎಂಟನೇ ತರಗತಿಯ ಒಬ್ಬ ಹುಡುಗ ನಿಂತಿದ್ದ. 12 ನಿಮಿಷ ಅಲ್ಲಾಡಬಾರದು. ಅವನು ಮನೆಯಲ್ಲಿ ದೇವರ ಗೂಡಿನ ಮುಂದೆ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದನಂತೆ. ಮೊದಲ ವಾರ ಮೂರು ನಿಮಿಷ, ಆಮೇಲೆ ಏಳು, ಆಮೇಲೆ ಹನ್ನೆರಡು. ಮಾತಿಲ್ಲದ ಪಾತ್ರದ ಕಷ್ಟ ನನಗೆ ಗೊತ್ತಿತ್ತಲ್ಲ, ಅದಕ್ಕೇ ಅವನ ಮೇಲೆ ನನಗೆ ಒಂದು ಕಣ್ಣು ಜಾಸ್ತಿ.

ನವೆಂಬರಿನ ಒಂದು ಭಾನುವಾರ ಎಲ್ಲರನ್ನೂ ಬೇಲೂರಿಗೆ ಕರೆದುಕೊಂಡು ಹೋದೆವು. ಸುಮಾರು 40 ಕಿಲೋಮೀಟರ್, ಕೆಂಪು ಬಸ್ಸು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ. ಅಲ್ಲಿಯ ಕೆಲವು ವಿಗ್ರಹಗಳ ಕೆಳಗೆ ಕಡೆದವರ ಹೆಸರು ಇದೆ. ಜಕಣಾಚಾರಿ ಪಾತ್ರದ ಹುಡುಗ ತನ್ನ ಹೆಸರು ಎಲ್ಲಿದೆ ಎಂದು ಹುಡುಕುತ್ತಾ ಹೊರಟ. ಆ ಹೆಸರು ಅಲ್ಲಿಯ ಶಾಸನಗಳಲ್ಲಿ ಇಲ್ಲ, ಅವನು ಜನರ ಬಾಯಲ್ಲಿ ಉಳಿದವನು ಎಂದು ಹೇಳಬೇಕಾಯಿತು. ಅವನ ಮುಖ ಸಣ್ಣದಾಯಿತು. ಆಗ ಬಳ್ಳಿಗಾವೆಯ ದಾಸೋಜ ಮತ್ತು ಚಾವಣನ ವಿಷಯ ಹೇಳಿದೆ. ಮದನಿಕೆಯರಲ್ಲಿ ಕೆಲವರನ್ನು ಕಡೆದು ಹೆಸರು ಬರೆದವರು ಅವರು. ಅವರೂ ಅಪ್ಪ, ಮಗ. ನಮ್ಮ ಜಕಣ, ಡಂಕಣ ಇಬ್ಬರೂ ಕತ್ತೆತ್ತಿ ತುಂಬ ಹೊತ್ತು ನೋಡುತ್ತಾ ನಿಂತರು. ಅವತ್ತಿನಿಂದ ಅವರಿಬ್ಬರದೂ ಒಂದೇ ಡಬ್ಬಿಯಲ್ಲಿ ಊಟ.

ಇಷ್ಟಾದರೂ ಮುಖ್ಯವಾದ ದೃಶ್ಯ ಕೂರುತ್ತಿರಲಿಲ್ಲ. ಡಂಕಣ ಮೂರ್ತಿಯ ಕಡೆ ಬೆರಳು ಚಾಚಿ, ಎದೆ ಉಬ್ಬಿಸಿ, "ಈ ಕಲ್ಲಿನಲ್ಲಿ ದೋಷ ಇದೆ!" ಎಂದು ಕೂಗಬೇಕು. ಹಾಗೆ ಹೇಳಿಕೊಟ್ಟವನು ನಾನೇ. ಹುಡುಗ ನಾನು ಹೇಳಿದಂತೆಯೇ ಮಾಡುತ್ತಿದ್ದ. ಪ್ರತಿ ಸಲವೂ ಅದು ಜಗಳದ ಹಾಗೆ ಕೇಳುತ್ತಿತ್ತು. ಇನ್ನೂ ಜೋರಾಗಿ ಹೇಳು ಅಂದೆ. ಇನ್ನೂ ಕೆಟ್ಟಿತು.

ನಮ್ಮ ತಂಡದಲ್ಲಿ ಪರದೆ ಎಳೆಯುವ ಕೆಲಸಕ್ಕೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಇದ್ದಳು. ಹಗ್ಗದ ಪಕ್ಕದಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಅವತ್ತು ಆರನೇ ಸಲವೋ ಏಳನೇ ಸಲವೋ ಆ ಮಾತು ಮುಗಿದಾಗ ಅವಳು ಎದ್ದು ಬಂದಳು. "ಸಾರ್, ನಮ್ಮ ತಾತ ಕಲ್ಲಲ್ಲಿ ಬಿರುಕಿದ್ರೆ ಕೂಗಲ್ಲ. ಮೊದಲು ತಟ್ಟಿ ನೋಡ್ತಾರೆ, ಸಾರ್" ಅಂದಳು.

ಬಸ್ಸಿಗೆ ಹೊತ್ತಾಗುತ್ತಿತ್ತು. ನನಗೆ ತಲೆ ಬಿಸಿಯಾಗಿತ್ತು. "ನೀನು ನಿನ್ನ ಪರದೆ ನೋಡಿಕೋ" ಎಂದುಬಿಟ್ಟೆ. ಅವಳು ಏನೂ ಹೇಳದೆ ಹೋಗಿ ಹಗ್ಗದ ಪಕ್ಕ ಕೂತಳು.

ರಾತ್ರಿ ನಿದ್ದೆ ಬರಲಿಲ್ಲ. ದೋಷ ಇದೆ ಎಂದು ಹೇಳಲು ಬಂದ ಮಗುವಿನ ಕತೆಯನ್ನೇ ನಾನು ಆಡಿಸುತ್ತಿದ್ದೆ ಅಲ್ವಾ? ಬೆಳಿಗ್ಗೆ ಪ್ರಾರ್ಥನೆ ಮುಗಿಯುವುದನ್ನೇ ಕಾದು ಅವಳ ಹತ್ತಿರ ಹೋದೆ. ನಿನ್ನೆ ಹಾಗೆ ಹೇಳಿದ್ದು ತಪ್ಪಾಯಿತು, ತಾತ ಹೇಗೆ ತಟ್ಟುತ್ತಾರೆ ತೋರಿಸು ಅಂದೆ.

ಮರುದಿನ ಅವಳು ಸ್ಕೂಲ್ ಬ್ಯಾಗಿನಲ್ಲಿ ಒಂದು ಉಳಿ, ಒಂದು ಸಣ್ಣ ಸುತ್ತಿಗೆ ತಂದಳು. ಅವರ ಮನೆಯವರು ಒರಳು, ಬೀಸುವ ಕಲ್ಲು ಮಾಡುವವರು. ಶಾಲೆಯ ಮೆಟ್ಟಿಲ ಮೇಲೆ ಕೂತು ತಟ್ಟಿದಳು. ಠಣ್. ಮುಂದಿನ ಮೆಟ್ಟಿಲು, ಠಣ್. ಮೂರನೆಯದರ ಮೂಲೆಯಲ್ಲಿ, ದಬ್. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. "ಒಳಗೆ ಬಿಟ್ಟಿದೆ ಸಾರ್" ಅಂದಳು. ಆ ಸಂಜೆ 26 ಮಕ್ಕಳೂ ಕಾಂಪೌಂಡಿನ ಸುತ್ತ ಕಿವಿ ಇಟ್ಟು ಕಲ್ಲು ತಟ್ಟುತ್ತಾ ತಿರುಗಿದರು. ಬೇಲೂರಿನದು ಬಳಪದ ಕಲ್ಲು. ಅಗೆದು ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುವಂಥದ್ದು. ಒರಳಿನದು ಬೇರೆ ಕಲ್ಲು. ಆದರೂ ಕೇಳುವ ಕಿವಿ ಒಂದೇ ಎಂದು ಅವಳ ತಾತ ಹೇಳಿ ಕಳಿಸಿದ್ದರು.

ದೃಶ್ಯ ಪೂರ್ತಿ ಬದಲಾಯಿತು. ಡಂಕಣ ಈಗ ಕೂಗುವುದಿಲ್ಲ. ಮೂರ್ತಿಯ ಸುತ್ತ ಒಂದು ಸುತ್ತು ಬರುತ್ತಾನೆ. ಕಾಲಿನ ಹತ್ತಿರ ತಟ್ಟುತ್ತಾನೆ. ಮೊಣಕಾಲು, ತೊಡೆ, ಸೊಂಟ. ಎಲ್ಲ ಕಡೆ ಠಣ್. ಹೊಕ್ಕಳ ಹತ್ತಿರ ದಬ್. ಇನ್ನೊಂದು ಸಲ ತಟ್ಟುತ್ತಾನೆ. ತಾನು ತಪ್ಪು ಕೇಳಿಸಿಕೊಂಡಿರಲಿ ಎಂದು ಬೇಡಿಕೊಳ್ಳುವವನ ಹಾಗೆ ಮೂರನೇ ಸಲ. ಆಮೇಲೆ ತಲೆ ಎತ್ತದೆ, ಮೆಲ್ಲಗೆ, "ದೋಷ ಇದೆ" ಎನ್ನುತ್ತಾನೆ. ಮೊದಲ ಸಲ ಹಾಗೆ ಮಾಡಿದಾಗ ಜಕಣನ ಪಾತ್ರದ ಹುಡುಗ ತನ್ನ ಮುಂದಿನ ಮಾತನ್ನೇ ಮರೆತು ನಿಂತುಬಿಟ್ಟ. ನಾನು ಆ ಮೌನವನ್ನು ಹಾಗೇ ಇಟ್ಟುಕೊಂಡೆ.

ಸದ್ದು ಮಾಡುವವಳು ಅವಳೇ. ಸೈಡ್ ವಿಂಗಿನಲ್ಲಿ ಹಗ್ಗದ ಪಕ್ಕ ಎರಡು ಕಲ್ಲು. ಒಂದು ಒಳ್ಳೆಯ ಚಪ್ಪಡಿ. ಇನ್ನೊಂದು ಒಳಬಿರುಕು ಬಿಟ್ಟು ಮಾರಾಟವಾಗದೆ ಉಳಿದ ಒರಳು, ಅವಳ ಅಪ್ಪ ಮೊಪೆಡ್ ಮೇಲೆ ಕಟ್ಟಿಕೊಂಡು ತಂದದ್ದು. ಡಂಕಣನ ಕೈ ಮತ್ತು ಅವಳ ಸುತ್ತಿಗೆ ಒಟ್ಟಿಗೆ ಬೀಳಲು ಒಂಬತ್ತು ದಿನ ಅಭ್ಯಾಸ ಬೇಕಾಯಿತು. ಇಬ್ಬರೂ ಒಟ್ಟಿಗೆ ಉಸಿರು ಎಳೆದುಕೊಳ್ಳಲು ಕಲಿತ ಮೇಲೆ ಒಂದು ಸಲವೂ ತಪ್ಪಲಿಲ್ಲ.

ಡಿಸೆಂಬರಿನ ಚಳಿಯಲ್ಲಿ ನಾಟಕ ಆಯಿತು. ಊರಿನವರು ಶಾಲು ಹೊದ್ದು ಕೂತಿದ್ದರು. ಆ ದೃಶ್ಯ ಬಂದಾಗ ಮಕ್ಕಳ ಗಲಾಟೆ ನಿಂತಿತು. ದಬ್ ಎಂದಾಗ ಮುಂದಿನ ಸಾಲಿನಲ್ಲಿ ಯಾರೋ "ಅಯ್ಯೋ" ಅಂದರು. ಕಪ್ಪೆಯನ್ನು ನಾವು ತೋರಿಸಲಿಲ್ಲ. ಒಳಗಿಂದ ಚೊಂಬಿನಲ್ಲಿ ನೀರು ಸುರಿದ ಸದ್ದು, ಅಷ್ಟೇ. ಡಂಕಣ ಎರಡೂ ಅಂಗೈ ಮುಚ್ಚಿ, ಒಳಗೆ ಏನೋ ಮಿಸುಕಾಡಿದ ಹಾಗೆ ಹಿಡಿದು, ಅಪ್ಪನ ಮುಂದೆ ನಿಧಾನ ತೆರೆದ. ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ಅಪ್ಪ ಉಳಿ ಎತ್ತಿದಾಗ ದೀಪ ಆರಿಸಿದೆವು.

ಕೊನೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪರಿಚಯ ಮಾಡಿಸಿದೆ. ಮೂರ್ತಿಯ ಹುಡುಗನಿಗೆ ಜೋರು ಚಪ್ಪಾಳೆ ಬಿತ್ತು. ನನಗೂ ಹಾರ ಹಾಕಿದರು. ಆಮೇಲೆ ಪರದೆ ಬಿತ್ತು. ಪರದೆ ಬೀಳಬೇಕಾದರೆ ಅವಳು ಹಗ್ಗದ ಹತ್ತಿರವೇ ಇರಬೇಕಲ್ಲ. ಆ ಸಾಲಿನಲ್ಲಿ ಅವಳಿರಲಿಲ್ಲ. ಆ ವರ್ಷದ ಸಂಚಿಕೆಯಲ್ಲಿ ನಾಟಕದ ವರದಿ ಬಂತು. ಅದರಲ್ಲಿಯೂ ಇರಲಿಲ್ಲ. ನಿರ್ದೇಶನ ಎಂಬಲ್ಲಿ ನನ್ನ ಹೆಸರೊಂದೇ ಇತ್ತು. ಆ ವರದಿ ಬರೆದುಕೊಟ್ಟವನು ನಾನು.

ಇಷ್ಟು ವರ್ಷದ ಮೇಲೆ, ಅದೇ ಸಂಚಿಕೆಯಲ್ಲಿ ಹೇಳುತ್ತಿದ್ದೇನೆ: ಆ ದೃಶ್ಯವನ್ನು ನಿರ್ದೇಶಿಸಿದವಳು ಅವಳು. ಹೆಸರು ಹಾಕಲಾ ಎಂದು ಕಳೆದ ವಾರ ಫೋನ್ ಮಾಡಿ ಕೇಳಿದೆ. ಬೇಡ ಸಾರ್ ಅಂದಳು. ಸ್ವಲ್ಪ ಹೊತ್ತು ಸುಮ್ನಿದ್ದು, "ಆ ಒಡೆದ ಒರಳು ಇನ್ನೂ ಅಲ್ಲೇ ಇದೆಯಾ?" ಎಂದು ಕೇಳಿದಳು.

ಇದೆ. ನಲ್ಲಿಯ ಪಕ್ಕದಲ್ಲಿದೆ. ಮಕ್ಕಳು ಕೈ ತೊಳೆಯುವಾಗ ಊಟದ ಡಬ್ಬಿಯನ್ನು ಅದರ ಮೇಲೆ ಇಡುತ್ತಾರೆ.