ಬೆತ್ಲೆಹೇಮಿಗೆ ಅಪ್ಪನ ವಾಚು

ಎಂಟು ದಿನದ ಪ್ರವಾಸ. ನಜರೇತ್ ನೋಡಿದೆ, ಗಲಿಲೇಯ ಸರೋವರದಲ್ಲಿ ದೋಣಿ ಹತ್ತಿದೆ, ಮೃತ ಸಮುದ್ರದಲ್ಲಿ ತೇಲಿದೆ. ಅದನ್ನೆಲ್ಲ ಬರೆಯೋಣ ಅಂತ ಕೂತರೆ ಕೈ ಓಡುತ್ತಿಲ್ಲ. ನನಗೆ ಹೇಳಬೇಕಾಗಿರುವುದು ಒಂದು ರಾತ್ರಿ ಮತ್ತು ಒಂದು ಬೆಳಗಿನ ಮಾತು. ಎರಡೂ ಬೆತ್ಲೆಹೇಮಿನವು. 2019ರ ಕ್ರಿಸ್ಮಸ್.

ಹೊರಡುವಾಗ ಬ್ಯಾಗಿನಲ್ಲಿ ಅಪ್ಪನ ವಾಚು ಇಟ್ಟುಕೊಂಡಿದ್ದೆ. ಕೀಲಿ ಕೊಡುವ ಹಳೆಯ ವಾಚು, ನಿಂತು ಹೋಗಿ ವರ್ಷಗಳಾಗಿವೆ. ಯೇಸು ಹುಟ್ಟಿದ ಜಾಗದಲ್ಲಿ ಒಂದು ಬೆಳ್ಳಿ ನಕ್ಷತ್ರ ಇದೆ, ಜನ ಅದಕ್ಕೆ ಜಪಸರ, ಶಿಲುಬೆ, ಮನೆಯವರ ಫೋಟೊ ಮುಟ್ಟಿಸಿಕೊಂಡು ಬರುತ್ತಾರೆ ಅಂತ ಕೇಳಿದ್ದೆ. ನಾನು ವಾಚನ್ನು ಮುಟ್ಟಿಸಬೇಕು, ಆಗ ಮನಸ್ಸಿನ ಭಾರ ಇಳಿಯುತ್ತದೆ ಅಂದುಕೊಂಡಿದ್ದೆ.

ಆ ಭಾರ ಏನೆಂದು ಹೇಳಿಬಿಡುತ್ತೇನೆ. ಅಪ್ಪನಿಗೆ ಕೊನೆಯ ಎರಡು ವರ್ಷ ಮರೆವಿನ ಕಾಯಿಲೆ. ದಿನಕ್ಕೆ ಹತ್ತಾರು ಸಲ "ನಿನ್ನಮ್ಮ ಎಲ್ಲಿ?" ಅಂತ ಕೇಳುತ್ತಿದ್ದರು. "ಪೇಟೆಗೆ ಹೋಗಿದ್ದಾಳೆ, ಬರ್ತಾಳೆ" ಅನ್ನುತ್ತಿದ್ದೆ. ಅಷ್ಟಕ್ಕೇ ಸಮಾಧಾನವಾಗುತ್ತಿತ್ತು. ಒಂದು ಸಂಜೆ ದಣಿದು ಮನೆಗೆ ಬಂದಿದ್ದೆ. ಚಪ್ಪಲಿ ಬಿಡುವ ಮೊದಲೇ ಕೇಳಿದರು. "ಅಮ್ಮ ಸತ್ತು ಆರು ವರ್ಷ ಆಯ್ತಪ್ಪ, ಎಷ್ಟು ಸಲ ಹೇಳೋದು?" ಅಂತ ಕಿರುಚಿದೆ. ಅಪ್ಪನ ಪಾಲಿಗೆ ಅದು ಆಗ ತಾನೇ ಬಂದ ಸುದ್ದಿ. ಗೋಡೆ ಹಿಡಿದುಕೊಂಡು ಅತ್ತರು. ಅದಾದ ನಾಲ್ಕನೇ ದಿನ ತೀರಿಕೊಂಡರು.

ಚರ್ಚಿನಲ್ಲಿ ಗುರುಗಳ ಮುಂದೆ ಪಾಪನಿವೇದನೆ ಮಾಡಿದೆ. ಒಂದಲ್ಲ, ಮೂರು ಸಲ. ಮೂರನೇ ಸಲ ಗುರುಗಳು, "ಇದನ್ನು ಮತ್ತೆ ತರಬೇಡಮ್ಮ, ಇದು ಮುಗಿದಿದೆ" ಅಂದರು. ನನಗೆ ಮುಗಿದಿರಲಿಲ್ಲ. ಶುಕ್ರವಾರ ಉಪವಾಸ ಹಿಡಿದೆ, ವೃದ್ಧಾಶ್ರಮಕ್ಕೆ ಹೋಗಿ ಸೇವೆ ಮಾಡಿದೆ, ಕೈಲಾದಷ್ಟು ದಾನ ಕೊಟ್ಟೆ. ಎಷ್ಟು ಕಟ್ಟಿದರೂ ಸಾಲ ತೀರುತ್ತಿರಲಿಲ್ಲ.

ಜೆರುಸಲೇಮಿನಿಂದ ಬೆತ್ಲೆಹೇಮಿಗೆ ಸುಮಾರು ಹತ್ತು ಕಿಲೋಮೀಟರ್. ನಡುವೆ ಎತ್ತರದ ಕಾಂಕ್ರೀಟ್ ಗೋಡೆ, ತಪಾಸಣೆಯ ಗೇಟು. ಶಾಂತಿಯ ರಾಜ ಹುಟ್ಟಿದ ಊರಿಗೆ ಬಂದೂಕು ಹಿಡಿದವರನ್ನು ದಾಟಿ ಹೋಗಬೇಕು. ಅದನ್ನು ನೋಡಿ ಹೊಟ್ಟೆ ಕಿವುಚಿದ ಹಾಗಾಯಿತು. ನಮ್ಮ ಹೋಟೆಲ್ ಬೆತ್ಲೆಹೇಮಿನಲ್ಲೇ ಇತ್ತು. ಅದು ಮುಂದೆ ನನಗೆ ಒಳ್ಳೆಯದೇ ಆಯಿತು.

24ರ ಬೆಳಗ್ಗೆ ಯೇಸು ಹುಟ್ಟಿದ ಜಾಗದ ಮೇಲೆ ಕಟ್ಟಿರುವ ದೇವಾಲಯಕ್ಕೆ ಹೋದೆವು. ಒಳಗೆ ಹೋಗುವ ಬಾಗಿಲು ನಾಲ್ಕು ಅಡಿಯಷ್ಟೇ ಎತ್ತರ. ಕುದುರೆ, ಗಾಡಿ ನುಗ್ಗದ ಹಾಗೆ ಹಿಂದೆ ಯಾವಾಗಲೋ ಕಲ್ಲು ಕಟ್ಟಿ ಚಿಕ್ಕದು ಮಾಡಿದ್ದಾರೆ. ಮೊದಲಿದ್ದ ದೊಡ್ಡ ಬಾಗಿಲಿನ ಗುರುತು ಮೇಲುಗಡೆ ಗೋಡೆಯಲ್ಲಿ ಈಗಲೂ ಕಾಣುತ್ತದೆ. ಈಗ ಅದಕ್ಕೆ ವಿನಯದ ಬಾಗಿಲು ಅಂತ ಹೆಸರು. ಯಾರೇ ಆಗಲಿ ಬಗ್ಗಿಯೇ ಒಳಗೆ ಹೋಗಬೇಕು. ಕಾನ್‌ಸ್ಟಂಟೈನ್ ಚಕ್ರವರ್ತಿ 4ನೇ ಶತಮಾನದಲ್ಲಿ ಇಲ್ಲಿ ಮೊದಲ ದೇವಾಲಯ ಕಟ್ಟಿಸಿದ. ಈಗ ನಿಂತಿರುವುದು 6ನೇ ಶತಮಾನದ್ದು. ಸಾಲು ಸಾಲು ಕೆಂಪು ಕಲ್ಲಿನ ಕಂಬಗಳು. ಸೋರುತ್ತಿದ್ದ ಛಾವಣಿಯನ್ನೆಲ್ಲ ರಿಪೇರಿ ಮಾಡಿದ ಮೇಲೆ, ನಾನು ಹೋದ ವರ್ಷವೇ, ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಯಿಂದ ಇದನ್ನು ತೆಗೆದಿದ್ದರು. ಗೋಡೆಯ ಮೇಲೆ ಸಣ್ಣ ಸಣ್ಣ ಬಣ್ಣದ ಹರಳು ಕೂರಿಸಿ ಮಾಡಿದ ದೇವದೂತರ ಸಾಲು. ಅದರಲ್ಲಿ ಏಳನೆಯ ದೇವದೂತ ಗಾರೆಯ ಕೆಳಗೆ ಮುಚ್ಚಿಹೋಗಿದ್ದನಂತೆ. ರಿಪೇರಿಯ ಹೊತ್ತಿನಲ್ಲಿ, 2016ರಲ್ಲಿ, ಸಿಕ್ಕಿದ್ದು.

ನಮ್ಮ ಕಣ್ಣು ಮಾತ್ರ ಕೆಳಗಿನ ಗುಹೆಯ ಕಡೆಗೆ. ಆ ಬೆಳ್ಳಿ ನಕ್ಷತ್ರ ಇರುವುದು ಅಲ್ಲೇ. ಎರಡು ತಾಸು ಸಾಲಿನಲ್ಲಿ ನಿಂತೆವು. ಮೆಟ್ಟಿಲು ಕಾಣಿಸುವಷ್ಟು ಹತ್ತಿರ ಬಂದಾಗ, ಮೆರವಣಿಗೆಯ ತಯಾರಿ ಇದೆ, ಇನ್ನು ಯಾರನ್ನೂ ಬಿಡುವುದಿಲ್ಲ ಅಂದರು. ನನ್ನ ಮುಂದೆ ಹನ್ನೆರಡು ಜನ ಇದ್ದರು. ನಾನು ಎಣಿಸಿದ್ದೆ. ಕೈಯಲ್ಲಿ ವಾಚು ಹಿಡಿದುಕೊಂಡೇ ಇದ್ದೆ.

ಹೋಗಲಿ, ನಡುರಾತ್ರಿಯ ಪೂಜೆ ಇದೆಯಲ್ಲ ಅಂದುಕೊಂಡೆ. ಅದು ನಡೆಯುವುದು ಪಕ್ಕದ ಸಂತ ಕ್ಯಾಥರೀನ್ ದೇವಾಲಯದಲ್ಲಿ. ನಮ್ಮನ್ನು ಕರೆದುಕೊಂಡು ಬಂದವರು "ಪಾಸ್ ವ್ಯವಸ್ಥೆ ನಮ್ಮದು" ಅಂತ ಹೊರಡುವ ಮೊದಲೇ ಹೇಳಿದ್ದರು. ಸಂಜೆ ಕೇಳಿದರೆ ಪಾಸ್ ಇಲ್ಲ! ಅರ್ಜಿಯನ್ನೇ ಹಾಕಿರಲಿಲ್ಲ. ಇಷ್ಟು ದಿನ ಆದರೂ ಅದು ನನಗೆ ಚುಚ್ಚುತ್ತದೆ. ಹೋಗುವವರಿಗೆ ಹೇಳುತ್ತೇನೆ, ಆ ಪಾಸಿಗೆ ದುಡ್ಡಿಲ್ಲ, ಆದರೆ ತುಂಬಾ ಮೊದಲೇ ಜೆರುಸಲೇಮಿನ ಫ್ರಾನ್ಸಿಸ್ಕನ್ ಸನ್ಯಾಸಿಗಳ ಸಭೆಯವರಿಗೆ ಅರ್ಜಿ ಹಾಕಿರಬೇಕು. ಯಾರ ಮಾತನ್ನೂ ನಂಬಿಕೊಂಡು ಕೂರಬೇಡಿ. ಅರ್ಜಿ ಹಾಕಿದ್ದನ್ನು ಕಣ್ಣಾರೆ ನೋಡಿ.

ಉಳಿದವರು ಹೋಟೆಲಿಗೆ ಹೋಗಿ ಮಲಗಿದರು. ನಾನು ದೇವಾಲಯದ ಮುಂದಿನ ಚೌಕದಲ್ಲಿ ಒಂದು ಕಲ್ಲುಕಟ್ಟೆಯ ಮೇಲೆ ಕೂತೆ. ದೊಡ್ಡ ಕ್ರಿಸ್ಮಸ್ ಮರ, ಅದರ ತುಂಬ ದೀಪ, ಧ್ವನಿವರ್ಧಕದಲ್ಲಿ ಹಾಡು. ನನಗೆ ಆ ಗದ್ದಲ ಹಿಡಿಸಲಿಲ್ಲ. ಮಧ್ಯಾಹ್ನ ಸ್ಕೌಟ್ ಹುಡುಗ ಹುಡುಗಿಯರು ಡ್ರಮ್ಮು, ಬ್ಯಾಗ್‌ಪೈಪು ಬಾರಿಸುತ್ತ ಬಂದಿದ್ದು ಮಾತ್ರ ತುಂಬಾ ಚೆನ್ನಾಗಿತ್ತು. ಎಂಟು ವರ್ಷದ ಒಂದು ಹುಡುಗಿ ತನಗಿಂತ ದೊಡ್ಡ ಡ್ರಮ್ ಹೊತ್ತು ಒಂದು ಹೆಜ್ಜೆಯೂ ತಪ್ಪದೆ ನಡೆದಿದ್ದಳು.

ಚಳಿ ಜಾಸ್ತಿಯಾಯಿತು. ಗಂಡನಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. "ಇಷ್ಟು ದೂರ ಬಂದೂ ನನಗೆ ಸಿಗಲಿಲ್ಲ, ನನಗೆ ಯೋಗ್ಯತೆ ಇಲ್ಲ" ಅಂದೆ. ಫೋನ್ ಇಟ್ಟ ಮೇಲೆ ಪಕ್ಕದಿಂದ ದನಿ ಬಂತು.

"ಎಂಥ ಅಕ್ಕ, ಕನ್ನಡದವರಾ?"

ಐವತ್ತರ ಆಸುಪಾಸಿನ ಹೆಂಗಸು. ಕರಾವಳಿಯ ಕನ್ನಡ. ಮನೆಮಾತು ಕೊಂಕಣಿ. ಒಂಬತ್ತು ವರ್ಷದಿಂದ ಜೆರುಸಲೇಮಿನಲ್ಲಿ ಒಬ್ಬ ಯೆಹೂದಿ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಆ ಕಡೆಯಿಂದ ಬಂದ ತುಂಬಾ ಜನ ಇಸ್ರೇಲಿನಲ್ಲಿ ಇದೇ ಕೆಲಸ ಮಾಡುತ್ತಾರೆ. ವರ್ಷಕ್ಕೊಮ್ಮೆ ಈ ರಾತ್ರಿ ರಜೆ ಕೇಳಿ ಬರುತ್ತಾರಂತೆ. ಅವರ ಬಳಿಯೂ ಪಾಸ್ ಇರಲಿಲ್ಲ. "ನಾನು ಒಳಗೆ ಹೋದದ್ದು ಒಂದೇ ವರ್ಷ. ಹೊರಗೆ ಕೂತುಕೊಂಡರೂ ಪೂಜೆ ಪೂಜೆಯೇ ಅಲ್ವಾ" ಅಂದರು. ತಮ್ಮ ಕಂಬಳಿಯ ಅರ್ಧ ನನ್ನ ಕಾಲಿನ ಮೇಲೆ ಹೊದಿಸಿದರು. ಕೇಳಲೂ ಇಲ್ಲ.

"ಅಜ್ಜಿ ಹೇಗಿದ್ದಾರೆ?" ಅಂದೆ.

"ಮರೆವು. ನನ್ನನ್ನೂ ಕೆಲವು ದಿನ ಗೊತ್ತಾಗುವುದಿಲ್ಲ. ಗಂಡ ಎಲ್ಲಿ ಅಂತ ಕೇಳ್ತಾ ಇರ್ತಾರೆ."

ಅಷ್ಟು ಸಾಕಾಯಿತು. ಮೂರು ಸಲ ಪಾಪನಿವೇದನೆಯಲ್ಲಿ ಹೇಳಿದ್ದನ್ನು ನಾಲ್ಕನೆಯ ಸಲ ಆ ಕಟ್ಟೆಯ ಮೇಲೆ ಹೇಳಿದೆ. ಅವರು ನಡುವೆ ಮಾತಾಡಲಿಲ್ಲ. ಪಾಪ, ಅಯ್ಯೋ ಅನ್ನಲಿಲ್ಲ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಇದ್ದರು.

"ನಾನೂ ಬೈದಿದ್ದೇನೆ ಅಕ್ಕ. ಒಂದು ಶುಕ್ರವಾರ ರಾತ್ರಿ. ಅವರ ಸಬ್ಬತ್ ಊಟ, ವಾರದ ವಿಶ್ರಾಂತಿ ದಿನದ್ದು. ನನ್ನ ಅಮ್ಮನಿಗೆ ಹುಷಾರಿಲ್ಲ ಅಂತ ಊರಿಂದ ಫೋನ್ ಬಂದಿತ್ತು. ಹೋಗ್ಲಿಕ್ಕೆ ಆಗುವುದಿಲ್ಲ. ಆಗ ಇವರು ಗಂಡ ಎಲ್ಲಿ, ಗಂಡ ಎಲ್ಲಿ ಅಂತ. ಜೋರು ಮಾಡಿದೆ. ಕೈ ಹಿಡಿದು ಎಳೆದು ಮಲಗಿಸಿದೆ. ರಾತ್ರಿ ಇಡೀ ನಿದ್ರೆ ಇಲ್ಲ ನನಗೆ. ಬೆಳಗ್ಗೆ ಸಾರಿ ಕೇಳ್ಲಿಕ್ಕೆ ಹೋದರೆ, ಅಜ್ಜಿ ದಿಂಬಿನ ಕೆಳಗಿಂದ ಒಂದು ಕರವಸ್ತ್ರ ತೆಗೆದರು. ಅದರಲ್ಲಿ ರಾತ್ರಿಯ ಬ್ರೆಡ್ಡು, ಅರ್ಧ. ನನಗೆ ಅಂತ ತೆಗೆದಿಟ್ಟದ್ದು. ನಾನು ಊಟ ಮಾಡಿರಲಿಲ್ಲ, ಅದನ್ನು ನೋಡಿದ್ದಾರೆ."

"ಕ್ಷಮಿಸಿದರಾ?"

"ಕ್ಷಮಿಸಿದ್ದೋ, ಮರೆತದ್ದೋ, ನಾನು ಕೇಳಲಿಲ್ಲ. ತಿಂದೆ."

ನಾನು ಬಿಡಲಿಲ್ಲ. "ಅಜ್ಜಿಗೆ ಮರೆವು. ಸರಿ. ದೇವರಿಗೆ ಮರೆವಿಲ್ಲವಲ್ಲ? ಅವನಿಗೆ ಎಲ್ಲ ನೆನಪಿರುತ್ತದೆ" ಅಂದೆ.

"ಹೌದು ಮಾರಾಯ್ರೆ! ಅದೇ ದೊಡ್ಡದು. ಎಲ್ಲ ಗೊತ್ತುಂಟು ಅವನಿಗೆ. ಗೊತ್ತಿದ್ದೇ ಬಂದದ್ದು ಇಲ್ಲಿಗೆ. ನಾವು ಒಳ್ಳೆಯವರಾದ ಮೇಲೆ ಬರುವ ಅಂತ ಕಾದದ್ದಲ್ಲ. ಕೊಂಕಣಿಯಲ್ಲಿ ನಾವು ಕುರ್ಪಾ ಅಂತೇವೆ. ನೀವು ಎಂಥ ಹೇಳುವುದು?"

"ವರಪ್ರಸಾದ" ಅಂದೆ.

ಹೇಳಿ ನಾನೇ ಬಾಯಿ ಮುಚ್ಚಿದೆ. ಚಿಕ್ಕವಳಿದ್ದಾಗಿನಿಂದ ಜಪಸರ ಹಿಡಿದು ಆ ಪದ ಹೇಳುತ್ತಲೇ ಬಂದಿದ್ದೇನೆ. ಅದರೊಳಗೆ ಪ್ರಸಾದ ಅನ್ನುವ ಪದ ಇದೆ ಅಂತ ಒಂದು ದಿನವೂ ಕಿವಿಗೆ ಬಿದ್ದಿರಲಿಲ್ಲ. ಪ್ರಸಾದಕ್ಕೆ ಯಾರು ಬೆಲೆ ಕಟ್ಟುತ್ತಾರೆ? ಕೈ ಚಾಚುತ್ತೇವೆ, ಹಾಕುತ್ತಾರೆ. ನಾನು ಮೂರು ವರ್ಷದಿಂದ ಕೈ ಚಾಚಿರಲೇ ಇಲ್ಲ. ದುಡ್ಡು ಎಣಿಸುತ್ತ ನಿಂತಿದ್ದೆ.

"ಹಾಗಾದರೆ ನಾನೇನು ಮಾಡಬೇಕು?" ಅಂತ ಕೇಳಿದೆ.

"ಎಂಥ ಮಾಡ್ಲಿಕ್ಕೂ ಇಲ್ಲ. ತಗೊಳ್ಳಿ, ಅಷ್ಟೇ."

ಅಷ್ಟರಲ್ಲಿ ಗಂಟೆ ಬಾರಿಸಿತು. ಚೌಕದಲ್ಲಿ ಹಾಕಿದ್ದ ದೊಡ್ಡ ಪರದೆಯ ಮೇಲೆ ಪೂಜೆ ಶುರುವಾಯಿತು. ಮಹಿಮೆಯ ಗೀತೆ ಲ್ಯಾಟಿನ್‌ನಲ್ಲಿ. ಯೇಸು ಹುಟ್ಟಿದ ರಾತ್ರಿ ಕುರುಬರಿಗೆ ದೇವದೂತರು ಹಾಡಿದ ಮಾತಿನಿಂದ ಅದು ಶುರುವಾಗುತ್ತದೆ, ಬೈಬಲಿನ ಲೂಕನ ಶುಭಸಂದೇಶದಲ್ಲಿ ಆ ಮಾತು ಬರುತ್ತದೆ. "ಒಳ್ಳೆಯ ಮನಸ್ಸಿನವರಿಗೆ ಶಾಂತಿ" ಅಂತ ಕೇಳಿಕೊಂಡು ಬೆಳೆದವಳು ನಾನು. ಆ ಸಾಲು ಬಂದಾಗಲೆಲ್ಲ, ಇದು ನನಗಲ್ಲ ಅಂತ ತಲೆ ತಗ್ಗಿಸುತ್ತಿದ್ದೆ. ನನ್ನ ಮನಸ್ಸು ಎಂಥದ್ದು ಅಂತ ಆ ಸಂಜೆಯೇ ನೋಡಿಬಿಟ್ಟಿದ್ದೆನಲ್ಲ. ಸಂತ ಜೆರೋಮ್ 386ರಲ್ಲಿ ಈ ಊರಿಗೆ ಬಂದು, ಇಲ್ಲೇ ಇದ್ದುಕೊಂಡು ಬೈಬಲಿನ ಬಹುಪಾಲನ್ನು ಲ್ಯಾಟಿನ್‌ಗೆ ತಂದ. ಅವನ ಲ್ಯಾಟಿನ್ ಬೈಬಲಿನಲ್ಲಿ ಆ ಸಾಲು ಹಾಗೆಯೇ ಇದೆ. ಗ್ರೀಕ್ ಮೂಲದ ಮಾತನ್ನು ಈಗಿನ ಅನುವಾದಗಳು ಬೇರೆ ರೀತಿ ಹೇಳುತ್ತವೆ. ದೇವರು ಯಾರಿಗೆ ಒಲಿದಿದ್ದಾನೋ ಅವರಿಗೆ ಶಾಂತಿ. ಒಲಿಯುವುದು ಅವನು. ಆ ಕುರುಬರನ್ನೇ ನೋಡಿ. ಅವರೇನೂ ಪ್ರಾರ್ಥನೆ ಮಾಡುತ್ತ ಕೂತಿರಲಿಲ್ಲ. ರಾತ್ರಿ ಪಾಳಿಯಲ್ಲಿ ಕುರಿ ಕಾಯುತ್ತಿದ್ದರು. ಬೆಳಕು ತಾನಾಗಿ ಬಂತು.

ಪೂಜೆಯ ಕೊನೆಗೆ ಬಾಲಯೇಸುವಿನ ಮೂರ್ತಿಯನ್ನು ಎತ್ತಿಕೊಂಡು ಮೆರವಣಿಗೆಯಲ್ಲಿ ಗುಹೆಗೆ ಇಳಿದರು. ಪರದೆಯಲ್ಲಿ ಆ ನಕ್ಷತ್ರ ಕಾಣಿಸಿತು. ನಾನು ಮುಟ್ಟಲಾಗದೆ ಬಂದಿದ್ದ ನಕ್ಷತ್ರ. ನನ್ನ ಪಕ್ಕದವರು ಅಳುತ್ತಿದ್ದರು. ನಾನೂ ಅತ್ತೆ. ಎರಡು ಗಂಟೆಯ ಹೊತ್ತಿಗೆ ಅವರ ಜೊತೆಯವರು ವ್ಯಾನಿನಲ್ಲಿ ಬಂದರು. "ಬರ್ತೇನೆ ಅಕ್ಕ, ಅಜ್ಜಿ ಏಳುವ ಮೊದಲು ಮುಟ್ಟಬೇಕು" ಅಂತ ಹೊರಟೇಬಿಟ್ಟರು. ಹೆಸರು ಕೇಳಲು ಮರೆತೆ.

25ನೇ ತಾರೀಕು ಗುಂಪಿನ ಜೊತೆ ಬೇತ್ ಸಹೂರಿನ ಕುರುಬರ ಹೊಲಕ್ಕೆ ಹೋದೆವು. ಅಲ್ಲಿನ ಚಿಕ್ಕ ದೇವಾಲಯ ಚೆನ್ನಾಗಿದೆ. ಗುಮ್ಮಟದಲ್ಲಿ ತೂತುಗಳನ್ನು ಬಿಟ್ಟಿದ್ದಾರೆ, ಬಿಸಿಲು ಚುಕ್ಕಿ ಚುಕ್ಕಿಯಾಗಿ ಇಳಿಯುತ್ತದೆ. ಆ ದಿನದ ಉಳಿದದ್ದು ನೆನಪಿಲ್ಲ, ನಿದ್ದೆ ಮಾಡಿದೆ.

26ರಂದು ಹೊರಡುವ ದಿನ. ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬಳೇ ನಡೆದು ಹೋದೆ. ನೋಡಬೇಕೆನ್ನುವವರು ಹೀಗೆಯೇ ಹೋಗಿ, ಬಾಗಿಲು ತೆರೆದ ತಕ್ಷಣ. ಸಾಲು ಇರುವುದಿಲ್ಲ. ಬಗ್ಗಿ ಒಳಗೆ ಹೋದೆ, ಮೆಟ್ಟಿಲು ಇಳಿದೆ. ಗುಹೆ ತುಂಬಾ ಚಿಕ್ಕದು. ಎಣ್ಣೆಯ ವಾಸನೆ, ಮೇಣದ ವಾಸನೆ. ಪೀಠದ ಕೆಳಗೆ ಹದಿನಾಲ್ಕು ಮೂಲೆಯ ನಕ್ಷತ್ರ, ಅದರ ಮೇಲೆ ಹದಿನೈದು ದೀಪ. ಈ ಜಾಗವನ್ನು ಹಂಚಿಕೊಂಡಿರುವ ಮೂರು ಕ್ರೈಸ್ತ ಸಭೆಗಳಲ್ಲಿ ಗ್ರೀಕರದ್ದು ಆರು, ಅರ್ಮೇನಿಯದವರದ್ದು ಐದು, ಕಥೋಲಿಕರದ್ದು ನಾಲ್ಕು. ಇಲ್ಲಿ ಮೊದಲಿದ್ದ ನಕ್ಷತ್ರ 1847ರಲ್ಲಿ ಕಳುವಾಗಿತ್ತು, ಆಗ ದೊಡ್ಡ ದೊಡ್ಡ ದೇಶಗಳೇ ಜಗಳಕ್ಕೆ ನಿಂತಿದ್ದವು. ಆ ಬೆಳಗ್ಗೆ ಅಲ್ಲಿ ಇದ್ದದ್ದು ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಒಬ್ಬ ಸನ್ಯಾಸಿ, ಮತ್ತು ನಾನು.

ಮೊಣಕಾಲೂರಿ ಕೂತೆ. ನಕ್ಷತ್ರದ ನಡುವೆ ದುಂಡಗಿನ ತೂತು ಇದೆ. ಕೈ ಹಾಕಿದರೆ ಬಂಡೆ ಸಿಗುತ್ತದೆ. ಅಂಚೆಲ್ಲ ನುಣುಪು. ಎಷ್ಟು ಕೈ ಹಾದುಹೋಗಿವೆಯೋ. ಮನೆಯಲ್ಲಿ ಬರೆದು ಬಾಯಿಪಾಠ ಮಾಡಿಕೊಂಡಿದ್ದ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಆ ಸಂಜೆಯ ಕಿರುಚಾಟವೂ ಬರಲಿಲ್ಲ. ಪ್ರಾರ್ಥನೆಗೆ ಕೂತಾಗಲೆಲ್ಲ ಅದೇ ಮೊದಲು ಬರುತ್ತಿತ್ತು. ಈ ಸಲ ಕಣ್ಣು ಮುಚ್ಚಿದರೆ ಬೇರೆ ಒಂದು ದಿನ ಬಂತು. ಅಪ್ಪ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಹ್ಯಾಂಡಲ್ ಹಿಡಿದ ಅವರ ಕೈಯಲ್ಲಿ ವಾಚಿನ ಟಿಕ್ ಟಿಕ್ ನನ್ನ ಕಿವಿಯ ಹತ್ತಿರವೇ ಕೇಳುತ್ತಿತ್ತು. ಎಷ್ಟು ಹೊತ್ತು ಹಾಗೆ ಇದ್ದೆನೋ ಗೊತ್ತಿಲ್ಲ. ಮೇಲಿನಿಂದ ಒಂದು ಗುಂಪು ಇಳಿಯುವ ಸದ್ದು ಕೇಳಿದಾಗ ಎದ್ದು ಜಾಗ ಬಿಟ್ಟೆ.

ಹತ್ತು ಗಂಟೆಗೆ ಬಸ್ಸು ಹೊರಟಿತು. ಗೋಡೆಯ ಗೇಟಿನಲ್ಲಿ ಒಬ್ಬ ಸೈನಿಕ ಬಸ್ಸು ಹತ್ತಿದ, ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ. ಪಾಸ್‌ಪೋರ್ಟ್ ತೋರಿಸಲು ಬ್ಯಾಗಿಗೆ ಕೈ ಹಾಕಿದೆ. ಪಾಸ್‌ಪೋರ್ಟಿನ ಜೊತೆ ವಾಚು ಬಂತು.

ಮುಟ್ಟಿಸುವುದನ್ನೇ ಮರೆತಿದ್ದೆ.

ಪಕ್ಕದ ಸೀಟಿನವರು ನನ್ನ ಮುಖ ನೋಡಿ, "ಏನಾದ್ರೂ ಬಿಟ್ಟು ಬಂದ್ರಾ? ಬಸ್ಸು ನಿಲ್ಲಿಸೋಕೆ ಹೇಳಲಾ?" ಅಂತ ಕೇಳಿದರು. ಬೇಡ ಅಂದೆ. ವಾಚನ್ನು ಕೈಗೆ ಕಟ್ಟಿಕೊಂಡೆ. ಅಪ್ಪನ ಅಳತೆಯ ಪಟ್ಟಿ, ನನಗೆ ಸಡಿಲ. ಕೈ ಎತ್ತಿದರೆ ಮೊಣಕೈವರೆಗೆ ಜಾರುತ್ತಿತ್ತು.