ಗುರುವಾರದ ಎಣಿಕೆ

ಮಂಗಳವಾರ, ಗುರುವಾರ, ಶನಿವಾರ ನನಗೆ ಡಯಾಲಿಸಿಸ್. ಒಂದು ಸಲಕ್ಕೆ 4 ಗಂಟೆ. ಮೊದಲೆಲ್ಲ ಗುರುವಾರ ಅಂದರೆ ರಾಯರ ಮಠ, ಪ್ರದಕ್ಷಿಣೆ, ಮಂತ್ರಾಕ್ಷತೆ. ಈಗ ಆ ಹೊತ್ತಿಗೆ ಮೆಷಿನ್ ಪಕ್ಕ ಮಲಗಿರುತ್ತೇನೆ. 41ಕ್ಕೇ ಕಿಡ್ನಿ ಕೈಕೊಟ್ಟಾಗ ರಾಯರ ಮೇಲೆ ಸಿಟ್ಟೇ ಬಂದಿತ್ತು.

ಜಪ ಶುರು ಮಾಡಿದ್ದು ಭಕ್ತಿಯಿಂದ ಅಂದರೆ ಸುಳ್ಳಾಗುತ್ತದೆ. ಗಡಿಯಾರ ನೋಡಿ ನೋಡಿ ಸಾಕಾಗಿತ್ತು. ಎಡಗೈಯಲ್ಲಿ ಎರಡು ಸೂಜಿ, ಅಲುಗಾಡಿಸುವಂತಿಲ್ಲ. ಬಲಗೈ ಖಾಲಿ. ಅಮ್ಮನ ತುಳಸಿಮಣಿ ತಂದುಕೊಂಡೆ. 108 ಎಣಿಸಿದರೆ ಒಂದಿಷ್ಟು ನಿಮಿಷ ಸರಿಯುತ್ತವೆ. ಪಕ್ಕದ ಹಾಸಿಗೆಯ ತಾತನ ಕೈಯಲ್ಲಿ ತಸ್ಬಿ, ಮುಸ್ಲಿಮರ ಜಪಮಣಿ. ನಮ್ಮಿಬ್ಬರ ನಡುವೆ ಮಾತು ಕಡಿಮೆ. ಎಣಿಸುವವರಿಗೆ ಮಾತು ಕಷ್ಟ ಅಲ್ವಾ?

2024ರ ಶ್ರಾವಣದಲ್ಲಿ ಮಧ್ಯಾರಾಧನೆ ಬುಧವಾರ ಬಂತು. ರಾಯರು 1671ರಲ್ಲಿ ಮಂತ್ರಾಲಯದಲ್ಲಿ ಬೃಂದಾವನ ಪ್ರವೇಶಿಸಿದ ತಿಥಿ. ನನಗೂ ಬಿಡುವಿನ ದಿನ, ಮಠಕ್ಕೆ ಹೋದೆ. ತೀರ್ಥ ಆಯಿತು. ಆಮೇಲೆ ಬಾಳೆಹಣ್ಣು ಹಾಕಿದ ಪಂಚಾಮೃತ. ಪೊಟ್ಯಾಷಿಯಂ ಜಾಸ್ತಿ ಅಂತ ಡಾಕ್ಟರು ಬಾಳೆಹಣ್ಣು, ಎಳನೀರು ಎರಡೂ ಬಿಡಿಸಿದ್ದಾರೆ. ಕುಡಿಯುವ ನೀರೂ ಅಳತೆಯದೇ. "ರಾಯರ ಪ್ರಸಾದ, ಏನೂ ಆಗಲ್ಲ, ತಗೋಮ್ಮ" ಅಂದರು ಹಿರಿಯರೊಬ್ಬರು. ಕಣ್ಣಿಗೊತ್ತಿಕೊಂಡು ಅಮ್ಮನ ಕೈಗೆ ದಾಟಿಸಿದೆ. ಆದರೆ ಪಂಕ್ತಿಯಲ್ಲಿ ಸಾರು, ಪಾಯಸ ಬಂದಾಗ ಸೋತೆ.

ಮರುದಿನ ತೂಕ 3.5 ಕೆಜಿ ಜಾಸ್ತಿ. ಅಷ್ಟೂ ನೀರು ತೆಗೆಯಬೇಕು. ಮೂರನೇ ಗಂಟೆಗೆ ಮೀನಖಂಡ ಹಿಡಿದುಕೊಂಡಿತು ನೋಡಿ! ಜಪ ಅಲ್ಲೇ ತಪ್ಪಿತು. ಬಾಯಿಂದ ಬಂದದ್ದು ರಾಯರ ಹೆಸರಲ್ಲ, "ಅಮ್ಮಾ!" ಸಿಸ್ಟರ್ ಓಡಿಬಂದು ಸಲೈನ್ ಬಿಟ್ಟರು, ಪಾದ ಒತ್ತಿ ಹಿಡಿದರು. "ಹಬ್ಬದೂಟ ಜೋರಾ ಅಕ್ಕಾ?" ತಾತ ತಸ್ಬಿ ನಿಲ್ಲಿಸಿದರು. "ರಂಜಾನಲ್ಲಿ ಶರಬತ್ತು ಕುಡಿದು ನಂಗೂ ಹಿಂಗೇ ಆಗಿತ್ತು" ಅಂದರು. ಕಾಲು ಹಿಡಿದುಕೊಂಡೇ ನಕ್ಕೆ.

48 ದಿನ ಸೇವೆ ಮಾಡಿದರೆ ಮೆಷಿನ್ ಬಿಡಬಹುದು ಅಂತ ನೆಂಟರೊಬ್ಬರು ಹೇಳಿದ್ದರು. ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನನಗೆ ರಾಯರೂ ಬೇಕು, ಮೆಷಿನ್ನೂ ಬೇಕು. ಪೂರ್ತಿ ವಾಸಿ ಮಾಡು ಅಂತ ಈಗ ಕೇಳುವುದೂ ಇಲ್ಲ. ಸೂಜಿ ಒಂದೇ ಸಲಕ್ಕೆ ಸಿಗಲಿ, ಬಿಪಿ ಬೀಳದಿರಲಿ, ಅಷ್ಟೇ.

ಸೂಜಿ ಚುಚ್ಚಲೆಂದು ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾದಲ್ಲಿ ರಕ್ತ ಓಡುತ್ತಿದೆಯೇ ಅಂತ ದಿನಾ ಬೆರಳಿಟ್ಟು ನೋಡಬೇಕು. ಜುಮುಜುಮು ಅನ್ನಬೇಕು. ಅವತ್ತು ರಾತ್ರಿಯೂ ಕಣ್ಣು ಮುಚ್ಚಿ ಬೆರಳಿಟ್ಟೆ. ಬಾಗಿಲಲ್ಲಿ ಅಮ್ಮ ನಿಂತಿದ್ದಳು.

"ಇದೆಯೇನೇ?"

"ಇದೆಯಮ್ಮಾ."