ಗುಡ್ಡದ ನೆತ್ತಿಯ ಗೋಲಿ
ಸೂರ್ಯ ಮತ್ತು ಭೂಮಿಯ ಸೆಳೆತಗಳು ಹೊಂದಿಕೊಂಡು, ನೌಕೆಯೊಂದು ಭೂಮಿಯ ಜೊತೆಗೇ ವರ್ಷಕ್ಕೊಂದು ಸುತ್ತು ಹಾಕುವಂತೆ ಮಾಡುವ ಐದು ಜಾಗಗಳ, ಅಂದರೆ ಲಗ್ರಾಂಜ್ ಬಿಂದುಗಳ ಬಗ್ಗೆ ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಅವುಗಳಲ್ಲೊಂದಾದ ಎಲ್1 ಬಿಂದುವಿನ ಬಳಿ, ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯನನ್ನು ಗಮನಿಸುವ ಭಾರತದ ಆದಿತ್ಯ-ಎಲ್1 ನೌಕೆ 2024ರ ಜನವರಿಯಲ್ಲಿ ನೆಲೆಗೊಂಡಿತು. ನೆಲೆಗೊಂಡಿತು ಎಂದರೆ ನಿಂತಿತು ಎಂದಲ್ಲ: ಆ ಜಾಗದಲ್ಲಿರುವ ವಸ್ತು ಗುಡ್ಡದ ನೆತ್ತಿಯ ಮೇಲಿಟ್ಟ ಗೋಲಿಯಂತೆ ತುಸು ಅಲುಗಿದರೂ ಜಾರುವುದರಿಂದ, ನೌಕೆ ಆ ಬಿಂದುವನ್ನು ಸುಮಾರು 178 ದಿನಗಳಿಗೊಮ್ಮೆ ಸುತ್ತುತ್ತ, ಆಗಾಗ ಚೂರು ಇಂಧನ ಉರಿಸಿ ದಾರಿ ಸರಿಪಡಿಸಿಕೊಳ್ಳಬೇಕು. ನನಗಂತೂ ಈ ಅಸ್ಥಿರತೆಯೇ ಹೆಚ್ಚು ಇಷ್ಟ, ಏಕೆಂದರೆ ಜಾರುವ ಜಾಗದಿಂದ ಹೊರಡುವುದೂ ಸುಲಭ. ಸೂರ್ಯನಿಂದ ಸದಾ ಹೊಮ್ಮುವ ಸೌರಮಾರುತದ ಕಣಗಳನ್ನು ಹೊತ್ತ ನಾಸಾದ ಜೆನೆಸಿಸ್ ನೌಕೆ 2004ರಲ್ಲಿ ಅಲ್ಲಿಂದ ಭೂಮಿಗೆ ಮರಳಿದ್ದು ಅಂಥ ಮಿತವ್ಯಯದ ದಾರಿಯಲ್ಲೇ.